ದೋಣಿ ಪ್ರಯಾಣದ ಸನ್ನಾಹ

ಬೇಸಿಗೆಯ ರಜೆ ಹತ್ತಿರ ಬಂತೆಂದರೆ ಮುಂಬಯಿಯ ಕನ್ನಡಿಗರಿಗೆಲ್ಲ ಒಂದೇ ಕಾಯಿಲೆ. ಅದು ಊರಿನ ಕಾಯಿಲೆ. ಅದರ ಲಕ್ಷಣಗಳನ್ನು ವಾಚಕರಿಗೆ ವಿವರಿಸಬೇಕಾಗಿಲ್ಲ. ಅಟ್ಟದ ಮೇಲಿನ ಪೆಟ್ಟಿಗೆ ಕೆಳಗಿಳಿಯುತ್ತದೆ. ತುಳಸಿಗೆ ನೀರು ಹಾಕುವ ಕೆಲಸವನ್ನು ಪಕ್ಕದ ಮನೆಯವರಿಗೆ ಒಪ್ಪಿಸಲಾಗುತ್ತದೆ. ಸಂಘದ ಗ್ರಂಥಾಲಯದ ಪುಸ್ತಕಗಳು ಎಂದೂ ಇಲ್ಲದ ಶಿಸ್ತಿನಿಂದ ಹಿಂದಿರುಗುತ್ತವೆ. ಕುಂದಾಪುರದವರು ಕುಂದಾಪುರಕ್ಕೆ, ಧಾರವಾಡದವರು ಧಾರವಾಡಕ್ಕೆ ಹೊರಟುಹೋಗಿ, ಮೇ ತಿಂಗಳಲ್ಲಿ ಸಂಘದ ಸಭೆ ಕರೆದರೆ ಕಾರ್ಯದರ್ಶಿಯೂ ಕುರ್ಚಿಗಳೂ ಮಾತ್ರ ಹಾಜರಿರುತ್ತಾರೆ.

ಡೊಂಬಿವಲಿಯ ನಮ್ಮ ಮನೆಗೆ ಮಾತ್ರ ಈ ಕಾಯಿಲೆ ತಗಲುವುದಿಲ್ಲ. ಕಾರಣ, ನಮಗೆ ಊರಿಲ್ಲ. ಇತ್ತು, ಶರಾವತಿಯ ಹಿನ್ನೀರಿನ ಕೆಳಗೆ ಹೋಯಿತು. ಆ ಮೇಲೆ ಸೋದರಮಾವನವರು ಶಿವಮೊಗ್ಗದ ಕಡೆ ಕಟ್ಟಿಕೊಂಡ ಮನೆಯೊಂದಿತ್ತು. ಅವರು ತೀರಿಕೊಂಡ ಮೇಲೆ ಮಕ್ಕಳು ಅದನ್ನು ಮಾರಿ ಬೆಂಗಳೂರು ಸೇರಿದರು. ಹೀಗಾಗಿ ರಜೆ ಬಂದಾಗಲೆಲ್ಲ ನಾವು ಬಾಲ್ಕನಿಯಲ್ಲಿ ನಿಂತು ಹೊರಟವರಿಗೆ ಕೈಬೀಸುವ ಕುಟುಂಬವಾಗಿದ್ದೆವು.

ಈ ವರ್ಷ ಮಗ ಹತ್ತನೆಯ ಇಯತ್ತೆಯ ಪರೀಕ್ಷೆಗೆ ಕುಳಿತಿದ್ದ. "ಪರೀಕ್ಷೆ ಮುಗಿದ ಮೇಲೂ ಇಲ್ಲೇ ಕೂರಬೇಕೇ?" ಎಂದು ಅವನು ಕೇಳಿದ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಊರಿಲ್ಲದಿದ್ದರೆ ಊರೂರು ಸುತ್ತೋಣ, ಅದೂ ನೀರಿನ ಮೇಲೆ, ಎಂದು ಕಾಲೇಜಿನಲ್ಲಿ ಓದುವ ಮಗಳು ಸೂಚಿಸಿದಳು. ಕೇರಳದ ವೇಂಬನಾಡು ಸರೋವರದ ದಡದ ಊರಿನಿಂದ ಊರಿಗೆ ಸರಕಾರಿ ದೋಣಿಗಳಲ್ಲೇ ಹೋಗಬಹುದೆಂದು ಅವಳ ಗೆಳತಿಯೊಬ್ಬಳು ಹೇಳಿದ್ದಳಂತೆ. ಆ ರಾತ್ರಿಯೇ ಊಟದ ತಟ್ಟೆಗಳನ್ನು ಸರಿಸಿ ಮೇಜಿನ ಮೇಲೆ ನಕ್ಷೆಯನ್ನು ಹರಡಿದೆವು. ಅಮ್ಮ ತನ್ನ ಮೂಲೆಯಲ್ಲಿ ಕುಳಿತು ಹೂಬತ್ತಿ ಹೊಸೆಯುತ್ತಿದ್ದಳು.

ನಕ್ಷೆಯಲ್ಲಿ ನೋಡಿದರೆ ವೇಂಬನಾಡು ಯಾರೋ ನೀಲಿ ಶಾಯಿಯನ್ನು ಚೆಲ್ಲಿ ಬೆರಳಿನಿಂದ ಉದ್ದಕ್ಕೆ ಎಳೆದಂತಿದೆ. ಉತ್ತರದ ಕೊಚ್ಚಿಯಿಂದ ದಕ್ಷಿಣದ ಆಲಪ್ಪುಳದವರೆಗೆ ಸುಮಾರು ೯೬ ಕಿಲೋಮೀಟರು. ನಮ್ಮ ದೇಶದ ಅತಿ ಉದ್ದದ ಸರೋವರವೆಂಬ ಖ್ಯಾತಿ ಅದಕ್ಕಿದೆ. ಪಂಪಾ, ಅಚ್ಚನ್‌ಕೋವಿಲ್, ಮಣಿಮಲ, ಮೀನಚ್ಚಿಲ್ ಮೊದಲಾದ ಹೊಳೆಗಳು ಘಟ್ಟದಿಂದಿಳಿದು ಅದನ್ನು ಸೇರುತ್ತವೆ. ಕಡಲಿಗೂ ಅದಕ್ಕೂ ನಡುವೆ ತೆಂಗಿನ ತೋಟಗಳ ಒಂದು ಕಿರಿದಾದ ಪಟ್ಟಿ ಮಾತ್ರ. ರಸ್ತೆ ರೈಲುಗಳು ಬರುವ ಮುನ್ನ ಅಲ್ಲಿ ಅಕ್ಕಿ, ಹುರಿ, ಮೆಣಸು, ಮದುವಣಗಿತ್ತಿ ಎಲ್ಲವೂ ದೋಣಿಯಲ್ಲೇ ಸಾಗುತ್ತಿದ್ದುವು. ಆಲಪ್ಪುಳ ಒಂದು ಕಾಲಕ್ಕೆ ತಿರುವಾಂಕೂರಿನ ದೊಡ್ಡ ಬಂದರು. ೧೮೬೨ರಲ್ಲಿ ಬೆಳಗಿಸಿದ ದೀಪಸ್ತಂಭ ಇಂದಿಗೂ ಅಲ್ಲಿ ನಿಂತಿದೆ. ಹಡಗುಗಳು ಮಾತ್ರ ಬರುವುದಿಲ್ಲ.

ಯೋಜನೆ ಎಂದ ಮೇಲೆ ಭಿನ್ನಾಭಿಪ್ರಾಯ ಇದ್ದೇ ಇದೆ. ಮಗನಿಗೆ ದೋಣಿಮನೆ ಬೇಕು. ಹಿಂದೆ ಭತ್ತ ಸಾಗಿಸುತ್ತಿದ್ದ 'ಕೆಟ್ಟುವಳ್ಳಂ' ಎಂಬ ದೊಡ್ಡ ದೋಣಿಗಳ ವಂಶಸ್ಥರು ಇವು. ಹಲಗೆಗೆ ಹಲಗೆಯನ್ನು ಮೊಳೆಯಿಲ್ಲದೆ ತೆಂಗಿನ ನಾರಿನ ಹಗ್ಗದಿಂದಲೇ ಹೊಲಿದು ಕಟ್ಟುತ್ತಿದ್ದರಂತೆ. ಈಗ ಅವುಗಳ ಮೇಲೆ ಮಂಚ, ಪಂಖ, ಊಟದ ಮನೆ ಎಲ್ಲವೂ ಬಂದಿವೆ. ಬಾಡಿಗೆ ವಿಚಾರಿಸಿದಾಗ, ಅದು ಮಗನ ಮುಂದಿನ ವರ್ಷದ ಕಾಲೇಜಿನ ಶುಲ್ಕಕ್ಕೆ ಸಮಸಮವಾಗಿ ನಿಂತಿತು. "ಎರಡರಲ್ಲಿ ಒಂದನ್ನು ಆರಿಸಿಕೊ" ಎಂದು ಮನೆಯಾಕೆ ಹೇಳಿದಳು. ಅವನು ಒಂದು ಕ್ಷಣ ಯೋಚಿಸಿದ್ದನ್ನು ಕಂಡು ನಮಗೆ ಗಾಬರಿಯಾಯಿತು. ಹೇಗೂ ಸಂಜೆಯಾದೊಡನೆ ದೋಣಿಮನೆಯನ್ನು ದಡಕ್ಕೆ ಕಟ್ಟಿಬಿಡುತ್ತಾರೆ, ಕಟ್ಟಿದ ದೋಣಿಯಲ್ಲಿ ಮಲಗುವುದಕ್ಕೂ ನಮ್ಮ ಸೋಫಾದ ಮೇಲೆ ಮಲಗುವುದಕ್ಕೂ ಏನು ವ್ಯತ್ಯಾಸ, ಎಂದು ಮಗಳು ವಾದಿಸಿದ ಮೇಲೆ ಆ ಮಾತು ಬಿದ್ದುಹೋಯಿತು. ಉಳಿದದ್ದು ಸರಕಾರಿ ದೋಣಿ. ಅಲ್ಲಿನ ಜನ ಬಸ್ಸಿನಂತೆ ಹತ್ತಿ ಇಳಿಯುವ ದೋಣಿ ಅದು; ಐದು ಜನರ ಟಿಕೀಟಿನ ಹಣದಲ್ಲಿ ಮುಂಬಯಿಯಲ್ಲಿ ಒಬ್ಬರ ಊಟವೂ ಆಗದು.

ಬಹಳ ಚರ್ಚೆಯ ನಂತರ ನಮ್ಮ ಮಾರ್ಗ ಹೀಗೆ ನಿಶ್ಚಯವಾಯಿತು. ಠಾಣೆಯಲ್ಲಿ ನೇತ್ರಾವತಿ ಎಕ್ಸ್‌ಪ್ರೆಸ್ ಹತ್ತಿ, ಕೊಂಕಣ ರೈಲುಮಾರ್ಗವಾಗಿ ಮರುದಿನ ಆಲಪ್ಪುಳದಲ್ಲಿ ಇಳಿಯುವುದು. ಅಲ್ಲಿ ಒಂದು ರಾತ್ರಿ ತಂಗಿ, ಬೆಳಗಿನ ದೋಣಿಯಲ್ಲಿ ಕೋಟ್ಟಯಂಗೆ ಹೊರಡುವುದು. ಇದು ಸುಮಾರು ಎರಡೂವರೆ ಗಂಟೆಯ ಪ್ರಯಾಣ. ಮೊದಲು ಕಾಲುವೆ, ಆ ಮೇಲೆ ತೆರೆದ ಸರೋವರ, ಮತ್ತೆ ಕಾಲುವೆ. ಮೂರನೆಯ ದಿನ ಬಸ್ಸಿನಲ್ಲಿ ಕುಮರಕಂಗೆ ಹೋಗಿ, ಪಕ್ಷಿಧಾಮ ನೋಡಿ, ದೋಣಿಯಲ್ಲಿ ಆಚೆ ದಡದ ಮುಹಮ್ಮ ಸೇರುವುದು. ಸರೋವರವನ್ನು ಅಡ್ಡಲಾಗಿ ದಾಟುವ ಈ ದಾರಿ ಮುಕ್ಕಾಲು ಗಂಟೆಯೊಳಗಿನದು. ನಾಲ್ಕನೆಯ ದಿನ ತವಣಕ್ಕಡವಿನಿಂದ ವೈಕಂಗೆ 'ಆದಿತ್ಯ' ಎಂಬ ದೋಣಿ. ೨೦೧೭ರ ಜನವರಿಯಲ್ಲಿ ನೀರಿಗಿಳಿದ ಇದು ಸೂರ್ಯನ ಬಿಸಿಲಿನಿಂದಲೇ ಓಡುವ ಭಾರತದ ಮೊದಲ ಪ್ರಯಾಣಿಕರ ದೋಣಿ. ೭೫ ಜನ ಕೂರಬಹುದು. ವೈಕಂನಲ್ಲಿ ಮಹಾದೇವನ ದರ್ಶನ. ದೇವಾಲಯದ ಸುತ್ತಲಿನ ಬೀದಿಗಳಲ್ಲಿ ಎಲ್ಲ ಜಾತಿಯವರೂ ನಡೆಯಲು ಬಿಡಬೇಕೆಂದು ೧೯೨೪-೨೫ರಲ್ಲಿ ಸತ್ಯಾಗ್ರಹ ನಡೆದ ಆ ಬೀದಿಗಳ ದರ್ಶನವೂ ಹೌದು. ಅಲ್ಲಿಂದ ಕೊಚ್ಚಿಗೆ ಬಸ್ಸು, ಕೊಚ್ಚಿಯಲ್ಲಿ ೨೦೨೩ರಿಂದ ಓಡುತ್ತಿರುವ ಜಲಮೆಟ್ರೋದಲ್ಲಿ ಒಂದು ಸುತ್ತು, ಮತ್ತೆ ರೈಲು.

ಮೇ ತಿಂಗಳ ಮೊದಲ ವಾರವನ್ನೇ ಆರಿಸಿದ್ದಕ್ಕೆ ಕಾರಣವಿದೆ. ಜೂನ್ ಒಂದರ ಸುಮಾರಿಗೆ ಕೇರಳಕ್ಕೆ ಮುಂಗಾರು ಕಾಲಿಡುತ್ತದೆ. ಅದಕ್ಕೂ ಮುಂಚೆ ಮೇ ತಿಂಗಳ ಮಧ್ಯಾಹ್ನಗಳಲ್ಲಿ ಗುಡುಗು ಮಿಂಚಿನ ಮಳೆ ಆಗಾಗ ಬರುತ್ತದೆ. ಆದ್ದರಿಂದ ದೋಣಿ ಹತ್ತುವುದೆಲ್ಲ ಬೆಳಗ್ಗೆ, ಮಧ್ಯಾಹ್ನದ ಮೇಲೆ ನೆಲದ ಮೇಲೆ ಎಂದು ನಿಯಮ ಮಾಡಿಕೊಂಡೆವು. ಇದು ಬರಿಯ ಅಂಜುಬುರುಕತನವಲ್ಲ. ೨೦೦೨ರ ಜುಲೈ ೨೭ರಂದು ನಾವು ದಾಟಬೇಕೆಂದಿರುವ ಇದೇ ಮುಹಮ್ಮ-ಕುಮರಕಂ ದಾರಿಯಲ್ಲಿ ದೋಣಿ ಮುಳುಗಿ ೨೯ ಮಂದಿ ಸತ್ತರು. ಅದಕ್ಕೂ ಹಿಂದೆ, ೧೯೨೪ರ ಜನವರಿಯಲ್ಲಿ, ಕೊಲ್ಲಂನಿಂದ ಆಲಪ್ಪುಳಕ್ಕೆ ಹೊರಟ ದೋಣಿ ಪಲ್ಲನ ಎಂಬಲ್ಲಿ ಮಗುಚಿ ಮಲಯಾಳದ ಮಹಾಕವಿ ಕುಮಾರನ್ ಆಶಾನ್ ತೀರಿಹೋದರು. ನೀರು ಚೆಲುವಾಗಿದೆಯೆಂದು ಅದರ ಮೇಲೆ ಸಲುಗೆ ತೋರಿಸಬಾರದು. ತೇಲುವ ಅಂಗಿ ಕಾಣದ ದೋಣಿಯನ್ನಾಗಲಿ, ಜನ ತುಂಬಿ ತುಳುಕುವ ದೋಣಿಯನ್ನಾಗಲಿ ಹತ್ತಕೂಡದು. ಮುಂದಿನ ದೋಣಿಗೆ ಕಾಯುವುದರಿಂದ ಯಾರ ಗಂಟೂ ಹೋಗುವುದಿಲ್ಲ. ಇದನ್ನು ಮಗಳು ಒಂದು ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆದು ಬಾಗಿಲಿಗೆ ಅಂಟಿಸಿದಳು.

ರೈಲಿನ ಟಿಕೀಟು ಅರವತ್ತು ದಿನ ಮೊದಲು ದೊರೆಯತೊಡಗುತ್ತದೆ. ಆ ದಿನದ ಹಿಂದಿನ ಸಂಜೆ ಐದು ಹೆಸರುಗಳನ್ನೂ ವಯಸ್ಸನ್ನೂ ಬರೆದಿಟ್ಟುಕೊಳ್ಳುತ್ತಿದ್ದೆವು. ಮೂಲೆಯಿಂದ ಅಮ್ಮ ಹೇಳಿದಳು:

"ನನ್ನ ಹೆಸರು ಬರೀಬೇಡ ಮಗಾ. ನೀವು ಹೋಗಿ ಬನ್ನಿ. ಮನೆಗೆ ಒಬ್ಬರಾದರೂ ಬೇಕಲ್ಲ."

ಎಪ್ಪತ್ತು ದಾಟಿದ ಅಮ್ಮ ನಡೆಯುವುದರಲ್ಲಿ ನಮ್ಮನ್ನೇ ಹಿಂದೆ ಹಾಕುತ್ತಾಳೆ. ಮೈಗೇನೂ ತೊಂದರೆಯಿಲ್ಲ. ನೀರೆಂದರೆ ಹೆದರಿಕೆ, ಅಷ್ಟೆ, ಎಂದುಕೊಂಡೆವು. ಹಾಗೆಂದುಕೊಳ್ಳಲು ಆಧಾರವೂ ಇತ್ತು. ಹತ್ತು ವರ್ಷದ ಹಿಂದೆ ಸಿಗಂದೂರಿಗೆಂದು ಹೊರಟು ಅಂಬಾರಗೋಡ್ಲು ದಡದಲ್ಲಿ ಲಾಂಚಿಗೆ ಕಾದಿದ್ದೆವು. ಲಾಂಚು ಬಂದಿತು, ಬಸ್ಸು ಕಾರುಗಳು ಏರಿದುವು, ಜನ ಏರಿದರು. ಅಮ್ಮ ಮಾತ್ರ ತಲೆಸುತ್ತು ಎಂದು ದಡದ ಅಂಗಡಿಯ ಬೆಂಚಿನ ಮೇಲೆ ಕುಳಿತುಬಿಟ್ಟಳು. ನಾವು ದೇವಿಯ ದರ್ಶನ ಮಾಡಿ ಹಿಂತಿರುಗುವವರೆಗೂ ಅಲ್ಲೇ ಕುಳಿತಿದ್ದಳು. ಆ ದಿನ ಅವಳು ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಸುಮ್ಮನಾದಳು, ನಾವೂ ಸುಮ್ಮನಾದೆವು.

"ತೇಲುವ ಅಂಗಿ ಕೊಡ್ತಾರೆ ಅಜ್ಜಿ, ಹೆದರಿಕೆ ಏನೂ ಇಲ್ಲ" ಎಂದು ಮಗ ಸಮಾಧಾನ ಹೇಳಹೋದ.

"ಹೆದರಿಕೆಯಾ?" ಎಂದು ಅಮ್ಮ ನಕ್ಕಳು. "ಹೊಳೆ ದಂಡೆಯಲ್ಲಿ ಹುಟ್ಟಿದವಳಿಗೆ ನೀರಿನ ಹೆದರಿಕೆ ಎಲ್ಲಿಂದ ಬರಬೇಕು? ನಿನ್ನ ವಯಸ್ಸಿಗೆ ಮೊದಲೇ ನಾನು ಶರಾವತಿ ಈಜಿದ್ದೆ." ಸ್ವಲ್ಪ ಹೊತ್ತು ಬತ್ತಿ ಹೊಸೆದಳು. ಬಳಿಕ ನಮ್ಮತ್ತ ತಿರುಗಿ ಹೇಳಿದಳು: "ಆ ದಿನ ತಲೆಸುತ್ತು ಬಂದಿರಲಿಲ್ಲ ಮಗಾ. ಆ ಲಾಂಚು ಹೋಗೋ ನೀರಿನ ಕೆಳಗೆ ನಮ್ಮ ಅಂಗಳ ಇದೆ. ನಮ್ಮ ತುಳಸಿ ಕಟ್ಟೆ ಇದೆ. ಅದರ ಮೇಲೆ ಚಪ್ಪಲಿ ಹಾಕ್ಕೊಂಡು ಹೇಗೆ ಹೋಗಲಿ?"

ಐವತ್ತರ ಹತ್ತಿರ ಬಂದಿರುವ ನಮಗೆ ಈ ಮಾತು ಅಂದೇ ಮೊದಲು ತಿಳಿದದ್ದು. ಲಿಂಗನಮಕ್ಕಿಯ ಕತೆ ಗೊತ್ತಿರಲಿಲ್ಲವೆಂದಲ್ಲ. ೧೯೬೪ರಲ್ಲಿ ಅಣೆಕಟ್ಟು ಮುಗಿಯಿತೆಂಬುದೂ, ಅಲ್ಲಿ ನಿಂತ ನೀರಿನ ಬಲದಿಂದ ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳು ೧೦೩೫ ಮೆಗಾವಾಟ್ ವಿದ್ಯುತ್ತನ್ನು ಉತ್ಪಾದಿಸಬಲ್ಲುವೆಂಬುದೂ ನಮಗೆ ಗೊತ್ತಿತ್ತು. ಮುಳುಗಡೆಯಾದವರಲ್ಲಿ ಅನೇಕರಿಗೆ ಕೊಟ್ಟ ನೆಲದ ಹಕ್ಕುಪತ್ರ ದಶಕಗಳು ಕಳೆದರೂ ದೊರೆಯಲಿಲ್ಲವೆಂಬುದನ್ನೂ ಓದಿದ್ದೆವು. ಆದರೆ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಏನು ಕಂಡಳೆಂದು ನಾವು ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

ಆ ರಾತ್ರಿ ಹೇಳಿದಳು. ಅಜ್ಜಯ್ಯ ಮನೆಯ ಹೆಂಚು, ಜಂತಿ, ಬಾಗಿಲ ಚೌಕಟ್ಟುಗಳನ್ನು ಬಿಚ್ಚಿ ಲಾರಿಗೆ ಹೇರಿದ್ದನ್ನು ಹೇಳಿದಳು. ಬಾಗಿಲು ಹೋದ ಮೇಲೂ ಅಜ್ಜಮ್ಮ ಎರಡು ದಿನ ಹೊಸ್ತಿಲಿದ್ದ ಜಾಗಕ್ಕೆ ರಂಗೋಲಿ ಹಾಕಿದಳಂತೆ. ಹೊಳೆಯ ಅಂಚಿನಲ್ಲೊಂದು ಅಪ್ಪೆಮಾವಿನ ಮರವಿತ್ತು. ಅದರ ಮಿಡಿಯ ಉಪ್ಪಿನಕಾಯಿ ಭರಣಿಯಲ್ಲಿ ಮೂರು ವರ್ಷ ಇಟ್ಟರೂ ಮೆತ್ತಗಾಗುತ್ತಿರಲಿಲ್ಲ. ಲಾರಿಗೆ ಹೇರಲಾಗದೆ ಉಳಿದದ್ದು ಆ ಮರ ಒಂದೇ. ಮಳೆಗಾಲದಲ್ಲಿ ನೀರು ದಿನಕ್ಕಿಷ್ಟು ದಿನಕ್ಕಿಷ್ಟು ಎಂದು ಏರಿ ಬಂತು. ಅವಳ ಅಣ್ಣ ದೂರದ ಗುಡ್ಡಕ್ಕೆ ಹೋಗಿ ನೋಡಿಕೊಂಡು ಬಂದು, "ಇವತ್ತು ಮರದ ಸೊಂಟದವರೆಗೆ", "ಇವತ್ತು ಕುತ್ತಿಗೆವರೆಗೆ" ಎಂದು ಹೇಳುತ್ತಿದ್ದ. ಒಂದು ದಿನ ಬಂದವನು ಏನೂ ಹೇಳಲಿಲ್ಲವಂತೆ.

ಅಂಬಾರಗೋಡ್ಲು-ಕಳಸವಳ್ಳಿ ನಡುವೆ ೨೦೨೫ರ ಜುಲೈಯಲ್ಲಿ ದೊಡ್ಡ ಸೇತುವೆ ತೆರೆಯಿತು. ಆ ಸುದ್ದಿ ಬಂದ ದಿನ ಮಕ್ಕಳು ಚಿತ್ರಗಳನ್ನು ತೋರಿಸಿದಾಗ ಅಮ್ಮ ಬಹಳ ಹೊತ್ತು ನೋಡಿದ್ದಳು. ಸೇತುವೆಯನ್ನು ನೋಡುತ್ತಿದ್ದಾಳೆಂದು ನಾವು ತಿಳಿದಿದ್ದೆವು. ಅವಳು ನೋಡುತ್ತಿದ್ದದ್ದು ಅದರ ಕೆಳಗಿನ ನೀರನ್ನು.

ಮರುದಿನ ಟಿಕೀಟು ತೆಗೆಸಲಿಲ್ಲ. ಬಾಗಿಲಿಗೆ ಅಂಟಿಸಿದ್ದ ಹಾಳೆಯನ್ನು ಯಾರೂ ತೆಗೆಯಲಿಲ್ಲ. ಯಾರೂ ಅದರ ಮಾತೆತ್ತಲಿಲ್ಲ. ಅಮ್ಮನನ್ನು ಬಿಟ್ಟು ಹೋಗುವುದು ನಮಗೆ ಸಾಧ್ಯವಿರಲಿಲ್ಲ. ನೀರು ಕಂಡರೆ ಮನೆ ನೆನಪಾಗುವವಳನ್ನು ನಾಲ್ಕು ದಿನ ನೀರಿನ ಮೇಲೆ ಸುತ್ತಾಡಿಸುವುದು ಇನ್ನೂ ಸಾಧ್ಯವಿರಲಿಲ್ಲ.

ಮೂರು ದಿನದ ಮೇಲೆ ಅಮ್ಮನೇ ಮೊಮ್ಮಗನನ್ನು ಕರೆದು ಒಂದು ಪ್ರಶ್ನೆ ಕೇಳಿದಳು: "ನೀವು ಹೋಗಬೇಕು ಅಂದ ಕೆರೆ ಇದೆಯಲ್ಲ, ಅದರ ಕೆಳಗೆ ಯಾರದಾದರೂ ಮನೆ ಇದೆಯೇನೋ?"

ಅವನಿಗೆ ಉತ್ತರ ತಿಳಿದಿರಲಿಲ್ಲ. ತಿಳಿಯದ್ದನ್ನು ತಿಳಿದಂತೆ ಹೇಳದಿದ್ದುದು ಅವನ ಹೆಚ್ಚುಗಾರಿಕೆ. ಎರಡು ಸಂಜೆ ಕುಳಿತು ಓದಿದ. ಅದು ಯಾರೂ ಕಟ್ಟಿದ ಕೆರೆಯಲ್ಲ, ಹೊಳೆಗಳೂ ಕಡಲೂ ಕೂಡಿ ತಾವಾಗಿ ಮಾಡಿಕೊಂಡ ಸರೋವರ ಎಂದು ಅಜ್ಜಿಗೆ ವರದಿ ಒಪ್ಪಿಸಿದ. ಒಂದು ಅಡ್ಡಗಟ್ಟೆಯೇನೋ ಇದೆ. ೧೯೭೦ರ ದಶಕದಲ್ಲಿ ತಣ್ಣೀರ್‌ಮುಕ್ಕಂ ಎಂಬಲ್ಲಿ ಕಟ್ಟಿದ್ದು, ಬೇಸಿಗೆಯಲ್ಲಿ ಕಡಲಿನ ಉಪ್ಪುನೀರು ಗದ್ದೆಗಳತ್ತ ಬಾರದಂತೆ ಅದರ ಬಾಗಿಲು ಹಾಕುತ್ತಾರೆ. ಅದರಿಂದ ಗದ್ದೆಗೆ ಹಿತವಾಯಿತು. ಆದರೆ ನೀರಿನ ಹರಿದಾಟ ನಿಂತು ಅಂತರಗಂಗೆ ಹಬ್ಬಿತು, ಮೀನು ಕಡಿಮೆಯಾಗಿ ಬೆಸ್ತರಿಗೆ ಕಷ್ಟವಾಯಿತು.

"ಗದ್ದೆಯಾ? ಕೆರೆಯಲ್ಲಿ ಎಂಥ ಗದ್ದೆ?" ಎಂದು ಅಮ್ಮ ಕೇಳಿದಳು.

ಆಗ ಅವನು ಕುಟ್ಟನಾಡಿನ ಕತೆ ಹೇಳಿದ. ಸರೋವರದ ದಕ್ಷಿಣ ಭಾಗದಲ್ಲಿ ಜನರು ನೀರಿನ ನಡುವೆ ತೆಂಗಿನ ಮರದ ಗೂಟಗಳನ್ನು ಎರಡು ಸಾಲಾಗಿ ನೆಟ್ಟರು. ಬಿದಿರಿನ ತಟ್ಟಿ ಕಟ್ಟಿದರು. ತಳಕ್ಕೆ ಮುಳುಗಿ ಕೆಸರನ್ನು ಬಾಚಿ ತಂದು, ಮರಳು, ಸೊಪ್ಪು ಸದೆಗಳೊಡನೆ ತುಂಬಿ ಒಡ್ಡು ಮಾಡಿದರು. ಒಡ್ಡಿನೊಳಗಿನ ನೀರನ್ನು ಮೊದಮೊದಲು ಕಾಲಿನಿಂದ ತುಳಿಯುವ ಚಕ್ರಗಳಿಂದ, ಆ ಮೇಲೆ ಯಂತ್ರಗಳಿಂದ ಹೊರಕ್ಕೆ ಚೆಲ್ಲಿ, ಸರೋವರದ ತಳದಲ್ಲೇ ಭತ್ತ ಬಿತ್ತಿದರು. ಗದ್ದೆ ಕಡಲಿನ ಮಟ್ಟಕ್ಕಿಂತಲೂ ಕೆಳಗಿದೆ. ದೋಣಿ ಮೇಲೆ, ಗದ್ದೆ ಕೆಳಗೆ. ೧೯೪೦ರ ದಶಕದಲ್ಲೂ ಜೋಸೆಫ್ ಮುರಿಕ್ಕನ್ ಎಂಬ ಜಮೀನುದಾರರು ಹೀಗೆ ದೊಡ್ಡ ದೊಡ್ಡ ಗದ್ದೆಗಳನ್ನು ನೀರಿನಿಂದ ಎತ್ತಿದರು. ಹೆಸರು ಜಮೀನುದಾರರದ್ದು, ನೀರಿಗೆ ಮುಳುಗಿ ಕೆಸರು ತಂದವರು ಪುಲಯರೇ ಮೊದಲಾದ ಕೂಲಿಯವರು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ೨೦೧೩ರಲ್ಲಿ ಈ ಬೇಸಾಯವನ್ನು ಜಗತ್ತಿನ ಮುಖ್ಯ ಕೃಷಿ ಪರಂಪರೆಗಳಲ್ಲಿ ಒಂದೆಂದು ಗುರುತಿಸಿತು.

ಅಮ್ಮನ ಕೈಯ ಬತ್ತಿ ನಿಂತಿತ್ತು. "ನೀರಿನಿಂದ ನೆಲ ತೆಗೆದರೇನೋ?" ಎಂದು ಮತ್ತೆ ಮತ್ತೆ ಕೇಳಿದಳು. "ಒಡ್ಡು ಒಡೆಯೋದಿಲ್ಲವಾ?"

"ಒಡೆಯತ್ತೆ ಅಜ್ಜಿ. ೨೦೧೮ರ ಆಗಸ್ಟಿನಲ್ಲಿ ದೊಡ್ಡ ಪ್ರವಾಹ ಬಂದು ಎಲ್ಲ ಮುಳುಗಿ, ಊರಿಗೆ ಊರೇ ಬಿಟ್ಟು ಹೋಗಬೇಕಾಯ್ತು."

"ಆ ಮೇಲೆ?"

"ನೀರು ಇಳಿದ ಮೇಲೆ ವಾಪಸ್ ಬಂದರು. ಒಡ್ಡು ಕಟ್ಟಿದರು."

"ವಾಪಸ್ ಬಂದರು" ಎಂದು ಅಮ್ಮ ಮೆಲ್ಲಗೆ ಹೇಳಿಕೊಂಡಳು. ಆ ರಾತ್ರಿ ಅಷ್ಟೇ.

ಮರುದಿನ ಬೆಳಗ್ಗೆ ಚಹ ಕುಡಿಯುವಾಗ ಮನೆಯಾಕೆಗೆ ಹೇಳಿದಳು: "ನನ್ನ ಹೆಸರೂ ಬರೆಯಿರಿ. ನೆಲ ನೀರಿಗೆ ಹೋದದ್ದನ್ನು ಕಂಡಿದ್ದೇನೆ. ನೀರಿನಿಂದ ನೆಲ ಬಂದದ್ದನ್ನೂ ಒಂದು ಸಲ ನೋಡ್ತೇನೆ."

ಮೇ ತಿಂಗಳಿಗೆ ಅಲ್ಲಿ ಪುಂಜ ಬೆಳೆಯ ಕೊಯ್ಲು ಮುಗಿದಿರುತ್ತದೆ, ಹಸಿರು ಗದ್ದೆ ಕಾಣಲಾರದು ಎಂದು ಮಗಳು ಎಚ್ಚರಿಸಿದಳು. "ಬೆಳೆ ಯಾರಿಗೆ ಬೇಕು? ಒಡ್ಡು ನೋಡಿದರೆ ಸಾಕು" ಎಂದಳು ಅಮ್ಮ.

ಆದರೆ ಒಪ್ಪಿಗೆಯ ಜೊತೆಗೆ ಕರಾರುಗಳೂ ಬಂದುವು. ಮೊದಲನೆಯದು, ಉಪ್ಪಿನಕಾಯಿ ಭರಣಿ ಜೊತೆಗೆ ಬರಬೇಕು. ಪರಊರಿನ ಅನ್ನಕ್ಕೆ ಅಪ್ಪೆಮಿಡಿ ಇಲ್ಲದೆ ನಡೆಯದು. ಎರಡನೆಯದು, ಹವಾನಿಯಂತ್ರಿತ ಡಬ್ಬಿ ಕೂಡದು. ಕಿಟಕಿ ತೆರೆಯುವ ಸಾಮಾನ್ಯ ಶಯನದ ಡಬ್ಬಿಯೇ ಆಗಬೇಕು. ಮೇ ತಿಂಗಳ ಸೆಖೆಯಲ್ಲಿ ಇದೇನು ಹಟವೆಂದು ನಾವು ಗೊಣಗಿದೆವು. ಮೂರನೆಯ ಕರಾರು ಕೇಳಿದ ಮೇಲೆ ಗೊಣಗಾಟ ನಿಂತಿತು.

ನೇತ್ರಾವತಿ ಹೋಗುವ ದಾರಿಯಲ್ಲಿ, ನಡುರಾತ್ರಿಯ ಸುಮಾರಿಗೆ, ಹೊನ್ನಾವರದ ಬಳಿ ಒಂದು ಉದ್ದನೆಯ ಸೇತುವೆ ಬರುತ್ತದೆ. ಎರಡು ಕಿಲೋಮೀಟರಿಗೂ ಹೆಚ್ಚು, ಕೊಂಕಣ ರೈಲುಮಾರ್ಗದಲ್ಲೇ ಅತಿ ಉದ್ದದ್ದು. ಅದರ ಕೆಳಗೆ ಕಡಲು ಸೇರಲು ಹೊರಟಿರುವುದು ಶರಾವತಿ. ಲಿಂಗನಮಕ್ಕಿಯಲ್ಲಿ ನಿಂತು, ಯಂತ್ರಗಳನ್ನು ತಿರುಗಿಸಿ, ಗೇರುಸೊಪ್ಪೆಯನ್ನು ದಾಟಿ ಬಂದ ಅದೇ ನೀರು.

"ಅಲ್ಲಿ ನನ್ನನ್ನು ಎಬ್ಬಿಸಬೇಕು" ಎಂದಳು ಅಮ್ಮ. "ಎಷ್ಟೇ ನಿದ್ದೆಯಲ್ಲಿರಲಿ. ಹೊಳೆಗೆ ಒಂದು ನಾಣ್ಯ ಹಾಕಬೇಕು. ಅರವತ್ತು ವರ್ಷದಿಂದ ಬಾಕಿ ಇದೆ."

ಟಿಕೀಟು ಸಿಕ್ಕಿದೆ. ಐದು ಹೆಸರುಗಳೂ ಇವೆ. ಕಿಟಕಿಯ ಪಕ್ಕದ ಕೆಳಗಿನ ಆಸನ ಅಮ್ಮನದು. ಗಡಿಯಾರಕ್ಕೆ ಎಚ್ಚರಿಕೆ ಇಡುವ ಹೊಣೆ ಮಗನದು. ಅವನು ರೈಲಿನ ವೇಳಾಪಟ್ಟಿಯನ್ನು ಈಗಲೇ ಬಾಯಿಪಾಠ ಮಾಡಿದ್ದಾನೆ. ದೋಣಿಮನೆಯ ಮಾತು ಅವನು ಮತ್ತೆ ಎತ್ತಿಲ್ಲ. ಒಡ್ಡಿನ ಮೇಲೆ ನಿಲ್ಲಲು ಬಿಡುತ್ತಾರೆಯೇ ಎಂದು ಮಾತ್ರ ವಿಚಾರಿಸುತ್ತಿದ್ದಾನೆ.

ಈ ಸಂಚಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ನಮ್ಮ ಪೆಟ್ಟಿಗೆಯೂ ಅಟ್ಟದಿಂದ ಇಳಿದಿರುತ್ತದೆ. ಬಂಧುಗಳಲ್ಲಿ ನಮ್ಮದೊಂದು ವಿನಂತಿ. ನೀವು ಊರಿಗೆ ಹೊರಡುವ ಮುನ್ನ ಮನೆಯ ಹಿರಿಯರನ್ನು ಒಂದು ಮಾತು ಕೇಳಿ. ಎಲ್ಲಿಗೆ ಹೋಗಬೇಕು ಎಂದಲ್ಲ. ಅದನ್ನು ಎಲ್ಲರೂ ಕೇಳುತ್ತೇವೆ. ಎಲ್ಲಿಗೆ ಹೋಗಲಾರಿರಿ, ಯಾಕೆ, ಎಂದು ಕೇಳಿ. ನಮಗೆ ಈ ಪ್ರಶ್ನೆ ತೋಚಲು ಐವತ್ತು ವರ್ಷ ಬೇಕಾಯಿತು.

ಪಕ್ಕದ ಮನೆಯವರು ತುಳಸಿಗೆ ನೀರು ಹಾಕಲು ಒಪ್ಪಿದ್ದಾರೆ. ಹೇಗೆ ಹಾಕಬೇಕೆಂದು ಅಮ್ಮ ಅವರಿಗೆ ದಿನಕ್ಕೆರಡು ಸಲ ಹೇಳಿಕೊಡುತ್ತಿದ್ದಾಳೆ.